ಕಲೆಯಲ್ಲಿ ಪ್ರಾಣಿಗಳು: ಕಂಡ ಮೃಗ, ಕಾಣದ ಮೃಗ

ಮನುಷ್ಯ ಬಿಡಿಸಿದ ಅತಿ ಹಳೆಯ ಚಿತ್ರಗಳಲ್ಲಿ ಮನುಷ್ಯನಿಗಿಂತ ಪ್ರಾಣಿಗಳೇ ಹೆಚ್ಚು. ಹಿಮಯುಗದ ಗುಹೆಯ ಗೋಡೆಯಿಂದ ಹಿಡಿದು ದೇವಾಲಯದ ಜಗತಿ, ರಾಜಮುದ್ರೆ, ನಾಣ್ಯ, ಹಸ್ತಪ್ರತಿ, ಭೂತಸ್ಥಾನದ ಮರದ ಮೂರ್ತಿಗಳವರೆಗೆ ಪ್ರಾಣಿ ಎರಡು ಬಗೆಯಲ್ಲಿ ಕಾಣಿಸಿಕೊಳ್ಳುತ್ತದೆ. ಒಂದು, ಕಲಾವಿದ ಕಣ್ಣಾರೆ ಕಂಡ ಜೀವ. ಇನ್ನೊಂದು, ಸಮಾಜ ತನ್ನ ಭಯ, ಭಕ್ತಿ, ಅಧಿಕಾರಗಳನ್ನು ಹೊರಿಸಿದ ಸಂಕೇತ. ಸಂಕೇತದ ಅರ್ಥವನ್ನು ಆಯಾ ನಾಡಿನ ಜನ, ಆಯಾ ಕಾಲದ ಅರಸ, ಮತ, ಕತೆಗಳು ಕಟ್ಟಿಕೊಡುತ್ತವೆ. ಆದರೆ ಕಲ್ಲಿನಲ್ಲೋ ಬಣ್ಣದಲ್ಲೋ ಆ ಸಂಕೇತಕ್ಕೆ ಎಂಥ ಮೈ ಸಿಗುತ್ತದೆ ಎಂಬುದು ಕಲಾವಿದ ಆ ಪ್ರಾಣಿಯನ್ನು ನೋಡಿದ್ದನೇ, ಎಷ್ಟು ಹತ್ತಿರದಿಂದ ನೋಡಿದ್ದ ಎಂಬುದರ ಮೇಲೆ ನಿಂತಿದೆ. ಕಂಡದ್ದು ಜೀವ ತಳೆಯುತ್ತದೆ. ಕಾಣದ್ದು ಬೇರೆಯೇ ಒಂದು ಪ್ರಾಣಿಯಾಗಿ ಹುಟ್ಟುತ್ತದೆ. ಪ್ರಾಣಿಕಲೆಯ ಚರಿತ್ರೆಯಲ್ಲಿ ಈ ಎರಡು ಧಾರೆಗಳೂ ಸಮಾನ ಸಮೃದ್ಧವಾಗಿವೆ.

ಗುಹೆ ಮತ್ತು ಬಂಡೆ

ಇಂಡೊನೇಷ್ಯಾದ ಸುಲಾವೆಸಿ ದ್ವೀಪದ ಗುಹೆಯೊಂದರಲ್ಲಿ ಕೆಮ್ಮಣ್ಣಿನಿಂದ ಬಿಡಿಸಿದ ಕಾಡುಹಂದಿಯಿದೆ. ಚಿತ್ರದ ಮೇಲೆ ಕಟ್ಟಿಕೊಂಡ ಸುಣ್ಣದ ಪದರವನ್ನು ಪರೀಕ್ಷಿಸಿದ ವಿಜ್ಞಾನಿಗಳು ಅದಕ್ಕೆ ಕನಿಷ್ಠ 45,500 ವರ್ಷ ವಯಸ್ಸಾಗಿದೆ ಎಂದು 2021ರಲ್ಲಿ ಪ್ರಕಟಿಸಿದರು. ಅದೇ ದ್ವೀಪದ ಮತ್ತೊಂದು ಗುಹೆಯಲ್ಲಿರುವ, ಹಂದಿಯ ಸುತ್ತ ಮನುಷ್ಯಾಕೃತಿಗಳಿರುವ ಚಿತ್ರ 51,000 ವರ್ಷಕ್ಕಿಂತ ಹಳೆಯದೆಂದು 2024ರಲ್ಲಿ ತಿಳಿಯಿತು. ಕಲೆ ಯುರೋಪಿನಲ್ಲಿ ಹುಟ್ಟಿತು ಎಂಬ ಬಹುಕಾಲದ ನಂಬಿಕೆ ಈ ಹಂದಿಗಳ ಎದುರು ನಿಲ್ಲಲಿಲ್ಲ.

ಯುರೋಪಿನ ಗುಹೆಗಳ ವೈಭವ ಇದರಿಂದ ಕುಂದುವುದಿಲ್ಲ. 1994ರಲ್ಲಿ ಪತ್ತೆಯಾದ ಫ್ರಾನ್ಸಿನ ಶೋವೆ ಗುಹೆಯಲ್ಲಿ 30,000 ವರ್ಷಕ್ಕೂ ಹಿಂದಿನ ಸಿಂಹ, ಖಡ್ಗಮೃಗ, ಮ್ಯಾಮತ್, ಕರಡಿಗಳಿವೆ. ಹಿಂಡಿನ ಸಿಂಹಗಳು ಒಂದರ ಹಿಂದೊಂದು ತಲೆ ಚಾಚಿ ಒಂದೇ ಕಡೆ ದೃಷ್ಟಿ ನೆಟ್ಟಿವೆ. ಬೇಟೆಗೆ ಹೊಂಚುವಾಗಿನ ಆ ಬಿಗಿತವನ್ನು ಪ್ರಾಣಭಯದೊಡನೆ ನೋಡಿದವನ ಕೈ ಮಾತ್ರ ಹಾಗೆ ಮೂಡಿಸಬಲ್ಲದು. 1940ರಲ್ಲಿ ಸಿಕ್ಕ ಲಾಸ್ಕೊ ಗುಹೆಯಲ್ಲಿ 5 ಮೀಟರಿಗೂ ಉದ್ದದ ಕಾಡುಗೂಳಿಯಿದೆ. ಅಲ್ಲಿ ದೊರೆತ ಎಲುಬುಗಳಲ್ಲಿ ಬಹುಪಾಲು ಹಿಮಸಾರಂಗದವು; ಗೋಡೆಯ ಮೇಲೆ ಹಿಮಸಾರಂಗ ಇಲ್ಲವೆನ್ನುವಷ್ಟು ಕಡಿಮೆ. ತಿಂದದ್ದು ಒಂದು, ಬಿಡಿಸಿದ್ದು ಇನ್ನೊಂದು. ಬೇಟೆ ದಕ್ಕಲೆಂದು ಮಾಡಿದ ಮಾಟವೇ ಈ ಚಿತ್ರಗಳು ಎಂಬ ಹಳೆಯ ವಿವರಣೆ ಇಲ್ಲಿ ಸಡಿಲವಾಗುತ್ತದೆ. ಅನ್ನವಾಗಿದ್ದ ಪ್ರಾಣಿ ಬೇರೆ, ಅರ್ಥವಾಗಿದ್ದ ಪ್ರಾಣಿ ಬೇರೆ.

ಸ್ಪೇನಿನ ಆಲ್ಟಮೀರಾದ ಕತೆಯನ್ನೂ ಇಲ್ಲಿ ಹೇಳಬೇಕು. 1879ರಲ್ಲಿ ಮಾರ್ಸೆಲಿನೊ ಸಾನ್ಸ್ ದೆ ಸೌತುವೊಲಾ ಗುಹೆಯ ನೆಲ ಅಗೆಯುತ್ತಿದ್ದಾಗ ಜೊತೆಗಿದ್ದ ಅವರ ಪುಟ್ಟ ಮಗಳು ಮರಿಯಾ ತಲೆಯೆತ್ತಿ ನೋಡಿ ಚಾವಣಿಯ ಕಾಡೆಮ್ಮೆಗಳನ್ನು ಕಂಡಳು. ಇಷ್ಟು ಸೊಗಸಾದದ್ದನ್ನು ಶಿಲಾಯುಗದವರು ಬಿಡಿಸಿರಲಾರರು ಎಂದು ಅಂದಿನ ವಿದ್ವಾಂಸರು ತೀರ್ಮಾನಿಸಿದರು. ಸೌತುವೊಲಾ ಮೇಲೆ ವಂಚನೆಯ ಆರೋಪವೂ ಬಂತು. ಪ್ರಮುಖ ವಿರೋಧಿಯಾಗಿದ್ದ ಎಮಿಲ್ ಕಾರ್ತಯಾಕ್ 1902ರಲ್ಲಿ ಬಹಿರಂಗವಾಗಿ ತಪ್ಪೊಪ್ಪಿಕೊಂಡಾಗ ಸೌತುವೊಲಾ ತೀರಿಕೊಂಡು 14 ವರ್ಷವಾಗಿತ್ತು.

ನೋಡಿದ ಪ್ರಾಣಿಯ ಜೊತೆಗೇ ನೋಡಲಾಗದ ಪ್ರಾಣಿಯೂ ಹುಟ್ಟಿತು. ಜರ್ಮನಿಯ ಹೋಲೆನ್‌ಸ್ಟೈನ್-ಸ್ಟಾಡೆಲ್ ಗುಹೆಯಲ್ಲಿ ಸಿಕ್ಕ, ಮ್ಯಾಮತ್ ದಂತದಲ್ಲಿ ಕೆತ್ತಿದ 31 ಸೆಂಟಿಮೀಟರ್ ಎತ್ತರದ ಮೂರ್ತಿಗೆ ಮನುಷ್ಯನ ಮೈ, ಸಿಂಹದ ತಲೆ. ಸುಮಾರು 40,000 ವರ್ಷ ಹಳೆಯದು. ನಮ್ಮ ನರಸಿಂಹನಿಗೂ ಇದಕ್ಕೂ ನಂಟಿಲ್ಲ. ಆದರೆ ಲೋಕದಲ್ಲಿ ಇಲ್ಲದ ಜೀವವೊಂದನ್ನು ಎರಡು ಜೀವಗಳಿಂದ ಕೂಡಿಸಿ ಕಟ್ಟುವ ಬುದ್ಧಿ ಎಷ್ಟು ಪ್ರಾಚೀನ ಎಂಬುದಕ್ಕೆ ಇದು ಪುರಾವೆ.

ಭಾರತದಲ್ಲಿ ಪ್ರಾಣಿಚಿತ್ರಗಳಿರುವ ಮಧ್ಯಪ್ರದೇಶದ ಭೀಮಬೆಟ್ಕಾ ಶಿಲಾಶ್ರಯಗಳನ್ನು ವಿ.ಎಸ್. ವಾಕಣಕರ್ 1957ರಲ್ಲಿ ಗುರುತಿಸಿದರು. ಕರ್ನಾಟಕದಲ್ಲಿ ಬಳ್ಳಾರಿ ಬಳಿಯ ಕುಪ್ಪಗಲ್ಲು ಬೆಟ್ಟದ ಕಪ್ಪು ಬಂಡೆಗಳ ಮೇಲೆ ಉದ್ದ ಕೊಂಬಿನ, ಡುಬ್ಬದ ದನಗಳನ್ನು ಕುಟ್ಟಿ ಮೂಡಿಸಿದ್ದಾರೆ. ನವಶಿಲಾಯುಗದ ದನಗಾಹಿಗಳ ಕೆಲಸ ಇದು. ಅದೇ ಸೀಮೆಯಲ್ಲಿ ಅವರು ಸೆಗಣಿ ಸುಟ್ಟು ಬಿಟ್ಟುಹೋದ ಬೂದಿದಿಬ್ಬಗಳೂ ಇವೆ. ಕುಪ್ಪಗಲ್ಲಿನ ಕೆಲವು ಬಂಡೆಗಳನ್ನು ಕಲ್ಲಿನಿಂದ ಬಡಿದರೆ ಜಾಗಟೆಯ ನಾದ ಬರುತ್ತದೆ. ಚಿತ್ರ ಮತ್ತು ನಾದ ಒಂದೇ ಆಚರಣೆಯ ಭಾಗವಾಗಿದ್ದಿರಬಹುದು ಎಂಬ ಸಂಶೋಧಕರ ಊಹೆ ಅಲ್ಲಿಂದ ಬಂದದ್ದು.

ನೈಲ್, ಟೈಗ್ರಿಸ್, ಸಿಂಧೂ

ಈಜಿಪ್ಟಿನಲ್ಲಿ ದೇವರ ಮುಖವೇ ಪ್ರಾಣಿಯ ಮುಖ. ಅನುಬಿಸ್‌ಗೆ ನರಿಯ ತಲೆ, ಹೋರಸ್‌ಗೆ ಗಿಡುಗನದು, ಥೋತ್‌ಗೆ ಐಬಿಸ್ ಹಕ್ಕಿಯದು. ಹೆರಿಗೆಯ ಕಾವಲು ದೇವತೆ ತವೆರೆತ್ ನೀರುಕುದುರೆ, ಮೊಸಳೆ, ಸಿಂಹಗಳ ಕೂಡುರೂಪ. ಹೆಣ ಹೂಳಿದ ಜಾಗದಲ್ಲಿ ನರಿ ಅಲೆಯುವುದನ್ನು ಕಂಡವರು ಅದನ್ನೇ ಸ್ಮಶಾನದ ಕಾವಲಿಗೆ ನಿಲ್ಲಿಸಿದರು: ಭಯಪಡಿಸುವುದನ್ನೇ ಕಾಯಲು ಹಚ್ಚುವ ಈ ಉಪಾಯ ಅನೇಕ ನಾಡುಗಳ ಪ್ರಾಣಿಸಂಕೇತದ ಬೇರಿನಲ್ಲಿದೆ. ಚಿತ್ರಕ್ಕೆ ಜೀವ ಬರುತ್ತದೆಂಬ ನಂಬಿಕೆ ಎಷ್ಟು ಗಟ್ಟಿಯೆಂದರೆ, ಕೆಲವು ಸಮಾಧಿಗಳಲ್ಲಿ ಹಾವು ಮೊದಲಾದ ಅಪಾಯದ ಪ್ರಾಣಿಗಳ ಲಿಪಿಚಿಹ್ನೆಗಳನ್ನು ಬೇಕೆಂದೇ ತುಂಡರಿಸಿ ಬರೆದರು, ಸತ್ತವನನ್ನು ಕಚ್ಚದಿರಲೆಂದು. ಇದೇ ನಾಡಿನ ಮೈದುಮ್ ಸಮಾಧಿಯಲ್ಲಿ ಸಿಕ್ಕ, ಕ್ರಿ.ಪೂ. 2600ರ ಸುಮಾರಿನ ಬಾತುಗಳ ಚಿತ್ರದಲ್ಲಿ ಮಾತ್ರ ದೇವರಿಲ್ಲ, ಬೆದರಿಕೆಯಿಲ್ಲ. ಒಂದೊಂದು ಗರಿಯ ಬಣ್ಣವನ್ನೂ ಗಮನಿಸಿದ ಕಣ್ಣೊಂದಿದೆ.

ಮೆಸೊಪೊಟೇಮಿಯದ ಅಸ್ಸೀರಿಯನ್ ಅರಸರು ಅರಮನೆಯ ಬಾಗಿಲಲ್ಲಿ ಮನುಷ್ಯಮುಖ, ಹದ್ದಿನ ರೆಕ್ಕೆ, ಗೂಳಿಯ ಮೈಯಿರುವ ಲಮಸ್ಸುಗಳನ್ನು ನಿಲ್ಲಿಸಿದರು. ಅವಕ್ಕೆ ಐದು ಕಾಲು: ಎದುರಿನಿಂದ ನೋಡಿದರೆ ನಿಂತಂತೆ, ಪಕ್ಕದಿಂದ ನೋಡಿದರೆ ನಡೆಯುತ್ತಿರುವಂತೆ. ಬ್ಯಾಬಿಲೋನಿನ ಇಶ್ತಾರ್ ದ್ವಾರದ ನೀಲಿ ಹೊಳಪಿನ ಇಟ್ಟಿಗೆಗಳ ಮೇಲೆ ಗೂಳಿಯೂ, ಹಾವಿನ ತಲೆ, ಸಿಂಹದ ಮುಂಗಾಲು, ಹದ್ದಿನ ಹಿಂಗಾಲುಗಳ ಮಾರ್ದುಕ್ ದೇವರ ಮೃಗವೂ ಸಾಲುಗಟ್ಟಿವೆ. ಇವೆಲ್ಲಕ್ಕಿಂತ ಮನ ಕಲಕುವುದು ನಿನೆವೆಯ ಅರಮನೆಯಿಂದ ತೆಗೆದು ಈಗ ಲಂಡನ್ನಿನ ಬ್ರಿಟಿಷ್ ಮ್ಯೂಸಿಯಂನಲ್ಲಿರುವ ಅಶ್ಶೂರ್‌ಬಾನಿಪಾಲನ ಸಿಂಹಬೇಟೆಯ ಉಬ್ಬುಶಿಲ್ಪ (ಕ್ರಿ.ಪೂ. ಸು. 645). ಅದನ್ನು ಕೆತ್ತಿಸಿದ್ದು ಅರಸನ ಪರಾಕ್ರಮ ಸಾರಲು. ಬೋನಿನಿಂದ ಬಿಟ್ಟ ಸಿಂಹಗಳನ್ನು ಅವನು ರಥದ ಮೇಲಿಂದ ಬಾಣ ಬಿಟ್ಟು ಕೊಲ್ಲುತ್ತಾನೆ. ಆದರೆ ಅರಸನ ಮುಖದಲ್ಲಿ ಯಾವ ಭಾವವೂ ಇಲ್ಲ. ಬೆನ್ನುಮೂಳೆಗೆ ಬಾಣ ನಾಟಿ, ಸ್ವಾಧೀನ ತಪ್ಪಿದ ಹಿಂಗಾಲುಗಳನ್ನು ಎಳೆದುಕೊಂಡು ಮುಂಗಾಲ ಮೇಲೆ ಏಳಲು ಹೆಣಗುತ್ತ ಗರ್ಜಿಸುವ ಹೆಣ್ಣುಸಿಂಹದ ಮೈಯಲ್ಲಿ ನೋವೆಲ್ಲ ಇದೆ. ಶಿಲ್ಪಿಗೆ ಒಪ್ಪಿಸಿದ ಕೆಲಸ ಅರಸನ ಹೊಗಳಿಕೆ, ಅವನ ಕಣ್ಣು ನೆಟ್ಟದ್ದು ಸಾಯುವ ಮೃಗದ ಮೇಲೆ. ಪ್ರಾಚೀನ ಕಲೆಯಲ್ಲಿ ಪ್ರಾಣಿಯ ಸಂಕಟವನ್ನು ಇದಕ್ಕಿಂತ ನಿಜವಾಗಿ ಹೇಳಿದ ಕೃತಿ ಇನ್ನೊಂದಿಲ್ಲ ಎಂದೇ ಹೇಳಬೇಕು.

ಸಿಂಧೂ ಕಣಿವೆಯ ಮುದ್ರೆಗಳು ಹೆಬ್ಬೆರಳಗಲದ ಕಲ್ಲುಗಳು. ಅವುಗಳಲ್ಲಿ ಆನೆ, ಖಡ್ಗಮೃಗ, ಹುಲಿ, ಡುಬ್ಬದ ಗೂಳಿಗಳು ತೊಗಲಿನ ಮಡಿಕೆಯೂ ಕಾಣುವಷ್ಟು ನಿಖರವಾಗಿವೆ. ಆದರೆ ಎಲ್ಲಕ್ಕಿಂತ ಹೆಚ್ಚಾಗಿ ಸಿಗುವುದು ಯಾರೂ ಕಂಡಿರದ ಒಂಟಿಕೊಂಬಿನ ಮೃಗ. ಲಿಪಿ ಇನ್ನೂ ಓದಲಾಗದಿರುವುದರಿಂದ ಅದು ಕುಲಚಿಹ್ನೆಯೋ ವರ್ತಕರ ಗುರುತೋ ಎಂಬ ಚರ್ಚೆ ನಡೆದೇ ಇದೆ.

ಸ್ತಂಭ, ಸ್ತೂಪ, ಲಾಂಛನ

ಸಾರನಾಥದ ಅಶೋಕ ಸ್ತಂಭದ ಬೋದಿಗೆಯ ಮೇಲೆ ನಾಲ್ಕು ಸಿಂಹಗಳು ಬೆನ್ನಿಗೆ ಬೆನ್ನು ಕೊಟ್ಟು ಕುಳಿತಿವೆ. ಕೆಳಗಿನ ಪಟ್ಟಿಯಲ್ಲಿ ಆನೆ, ಗೂಳಿ, ಕುದುರೆ, ಸಿಂಹಗಳು ಚಕ್ರಗಳ ನಡುವೆ ಹೆಜ್ಜೆ ಹಾಕುತ್ತವೆ. ಮೇಲಿನ ಸಿಂಹಗಳ ಮೀಸೆ, ಕೇಸರದ ಗುಂಗುರು ಎಲ್ಲ ಅಚ್ಚುಕಟ್ಟು ವಿನ್ಯಾಸ. ಪರ್ಷಿಯಾದ ಅರಮನೆ ಶಿಲ್ಪದ ನೆರಳು ಅದರ ಮೇಲಿದೆ. ಕೆಳಗಿನ ಪಟ್ಟಿಯ ಪ್ರಾಣಿಗಳು ಹಾಗಲ್ಲ, ಅವುಗಳ ಮೈಯಲ್ಲಿ ಉಸಿರಿದೆ. ಒಡಿಶಾದ ಧೌಲಿಯಲ್ಲಿ ಅಶೋಕನ ಶಾಸನದ ಮೇಲ್ಗಡೆ ಬಂಡೆಯಿಂದ ಹೊರಬರುತ್ತಿರುವ ಆನೆಯೂ ಈ ಎರಡನೆಯ ಬಗೆಗೆ ಸೇರಿದ್ದು. ಸಾರನಾಥದ ಬೋದಿಗೆ 1950ರ ಜನವರಿ 26ರಂದು ಭಾರತದ ರಾಷ್ಟ್ರಲಾಂಛನವಾಯಿತು.

ಆರಂಭದ ಬೌದ್ಧಶಿಲ್ಪದಲ್ಲಿ ಬುದ್ಧನನ್ನು ಮನುಷ್ಯರೂಪದಲ್ಲಿ ತೋರಿಸಲಿಲ್ಲ. ಆದ್ದರಿಂದ ಕತೆ ಹೇಳುವ ಹೊರೆ ಪ್ರಾಣಿಗಳ ಮೇಲೂ ಬಿತ್ತು. ಭರ್ಹುತದ ಪದಕದಲ್ಲಿ ಮಾಯಾದೇವಿಯ ಕನಸಿಗೆ ಆನೆ ಇಳಿಯುತ್ತದೆ. ಜಾತಕ ಕತೆಗಳಲ್ಲಿ ಬೋಧಿಸತ್ವನೇ ಕೋತಿ, ಜಿಂಕೆ, ಆನೆ. ಅಜಂತಾದ 17ನೆಯ ಗುಹೆಯ ಛದ್ದಂತ ಜಾತಕದಲ್ಲಿ ತನ್ನನ್ನು ಕೊಲ್ಲಲು ಬಂದವನಿಗೆ ತಾನೇ ದಂತ ಬಿಟ್ಟುಕೊಡುವ ಆನೆಯಿದೆ. ಪ್ರಾಣಿಯನ್ನು ಮನುಷ್ಯನ ಗುಣಕ್ಕೆ ಹೋಲಿಕೆಯಾಗಿ ಬಳಸುವುದು ಒಂದು. ಅದೇ ಹಿಂದೊಮ್ಮೆ ಮನುಷ್ಯ, ಮುಂದೊಮ್ಮೆ ಬುದ್ಧ ಎಂದು ನೋಡುವುದು ಇನ್ನೊಂದು. ಈ ನೋಟ ಭಾರತದ ಶಿಲ್ಪಿಗೆ ಪ್ರಾಣಿಯನ್ನು ತಗ್ಗಾಗಿ ಕಾಣದಂತೆ ಮಾಡಿತು.

ಜೈನರಲ್ಲಿ ಪ್ರಾಣಿ ಹೆಸರಿನ ಕೆಲಸವನ್ನೇ ಮಾಡುತ್ತದೆ. 24 ತೀರ್ಥಂಕರರ ಮೂರ್ತಿಗಳೂ ಹೆಚ್ಚುಕಡಿಮೆ ಒಂದೇ ಬಗೆ, ಒಂದೇ ಶಾಂತಮುಖ. ಪೀಠದ ಮೇಲೆ ಕೆತ್ತಿದ ಲಾಂಛನವೇ ಗುರುತು: ಗೂಳಿ ಇದ್ದರೆ ವೃಷಭನಾಥ, ಆನೆ ಇದ್ದರೆ ಅಜಿತನಾಥ, ಜಿಂಕೆ ಇದ್ದರೆ ಶಾಂತಿನಾಥ, ಹಾವು ಪಾರ್ಶ್ವನಾಥ, ಸಿಂಹ ಮಹಾವೀರ. ಶೈವ ವೈಷ್ಣವ ದೇವತೆಗಳ ವಾಹನಗಳದು ಇನ್ನೂ ವಿಸ್ತಾರವಾದ ಲೋಕ. ಅವುಗಳಲ್ಲಿ ನಂದಿ ಸ್ವತಂತ್ರ ಮೂರ್ತಿಯಾಗಿ ಬೆಳೆದು ನಿಂತಿತು. ಲೇಪಾಕ್ಷಿಯಲ್ಲಿ, ಬೆಂಗಳೂರಿನ ಬಸವನಗುಡಿಯಲ್ಲಿ, ಮೈಸೂರಿನ ಚಾಮುಂಡಿ ಬೆಟ್ಟದಲ್ಲಿ ಬಂಡೆಯನ್ನೇ ಬಸವನಾಗಿಸಿದ್ದಾರೆ. ಗಂಟೆ ಸರಗಳ ಅಲಂಕಾರದ ಕೆಳಗೆ ಅವುಗಳ ಕುಳಿತ ಮಂಡಿ, ಮಡಿಸಿದ ಗೊರಸು ನೋಡಿದರೆ ಹಟ್ಟಿಯಲ್ಲಿ ದನ ಕಟ್ಟಿದವರ ಕೆಲಸ ಎಂದು ತಿಳಿಯುತ್ತದೆ.

ಕನ್ನಡ ನಾಡಿನ ಆನೆ, ಸಿಂಹ, ಹಂದಿ, ನಾಯಿ

ಹಳೇಬೀಡಿನ ಹೊಯ್ಸಳೇಶ್ವರ ದೇವಾಲಯದ ಜಗತಿಯಲ್ಲಿ ಪಟ್ಟಿಕೆಗಳ ಮೇಲೆ ಪಟ್ಟಿಕೆಗಳು. ತಳದಲ್ಲಿ ಆನೆ, ಅದರ ಮೇಲೆ ಸಿಂಹ, ಬಳ್ಳಿ, ಕುದುರೆ ಸವಾರರು, ಪುರಾಣದ ಕತೆಗಳು, ಮಕರ, ಹಂಸ. ಹೊರೆ ಹೊರುವುದು ಕೆಳಗೆ, ಹಾರುವುದು ಮೇಲೆ. ಈ ಕ್ರಮದಲ್ಲೇ ಒಂದು ಅರ್ಥವಿದೆ. ಆದರೆ ಆನೆಯ ಸಾಲನ್ನೂ ಸಿಂಹದ ಸಾಲನ್ನೂ ಒಟ್ಟಿಗೆ ನೋಡಿದವರಿಗೆ ಇನ್ನೊಂದು ಸಂಗತಿ ಹೊಳೆಯುತ್ತದೆ. ಆನೆಗಳು ಒಂದರಂತೆ ಒಂದಿಲ್ಲ. ಸೊಂಡಿಲಿನ ತಿರುವು, ಹೆಜ್ಜೆ, ಕತ್ತಿನ ಬಾಗು ಬೇರೆ ಬೇರೆ. ಸಿಂಹಗಳು ಮಾತ್ರ ಅಚ್ಚಿನಲ್ಲಿ ಒತ್ತಿದಂತೆ ಒಂದೇ ವಿನ್ಯಾಸದ ಪುನರಾವರ್ತನೆ. ಕಾರಣ ಸರಳ. ಆನೆ ಮಲೆನಾಡಿನ ಕಾಡಿನಲ್ಲೂ ಅರಸರ ಲಾಯದಲ್ಲೂ ಇತ್ತು. ಐತಿಹಾಸಿಕ ಕಾಲದ ದಕ್ಷಿಣ ಭಾರತದ ಕಾಡುಗಳಲ್ಲಿ ಸಿಂಹ ಇರಲಿಲ್ಲ.

ಆನೆಯ ವಿಷಯದಲ್ಲಿ ಈ ನಾಡಿನ ತಿಳಿವಳಿಕೆ ಬಹಳ ಹಳೆಯದು. ತಲಕಾಡಿನ ಗಂಗರ ಮುದ್ರೆಯೇ ಆನೆ. ಗಂಗ ಅರಸ ಶ್ರೀಪುರುಷ ಗಜಶಾಸ್ತ್ರ ಬರೆದ. ಅವನ ಮಗ ಶಿವಮಾರನ ‘ಗಜಾಷ್ಟಕ’ ಇಂದು ಉಳಿದಿಲ್ಲ. ಅದು ಒನಕೆವಾಡಾಗಿ ಜನರ ಬಾಯಲ್ಲಿ ಓಡಾಡುತ್ತಿತ್ತೆಂದು ಶಾಸನ ಹೇಳುತ್ತದೆ. ಭತ್ತ ಕುಟ್ಟುವ ಹೆಣ್ಣುಮಕ್ಕಳೂ ಆನೆಯ ಮೇಲಿನ ಪದ್ಯ ಹಾಡುತ್ತಿದ್ದ ನಾಡಿನಲ್ಲಿ ಆನೆಯನ್ನು ತಪ್ಪಾಗಿ ಕೆತ್ತುವುದು ಕಷ್ಟ.

ಕಾಣದ ಸಿಂಹ ಬೇರೆ ದಾರಿ ಹಿಡಿಯಿತು. ಅದಕ್ಕೆ ಆನೆಯ ಸೊಂಡಿಲು ಬಂತು, ಕೋರೆ ಬಂತು, ಮೈ ಬಳುಕಿತು. ಯಾಳಿ, ಶರಭ, ವ್ಯಾಲಗಳಾಗಿ ಹಂಪಿಯ ವಿಠ್ಠಲ ದೇವಾಲಯದ ಕಂಬಗಳಲ್ಲಿ ಮುಂಗಾಲೆತ್ತಿ ನಿಂತಿತು. ಬಾಗಿಲವಾಡದ ನೆತ್ತಿಯಲ್ಲಿ, ಗೋಪುರದ ಮುಂಚಾಚಿನಲ್ಲಿ ಮೈಯೇ ಇಲ್ಲದ ಕೀರ್ತಿಮುಖವಾಯಿತು: ತನ್ನ ದೇಹವನ್ನೇ ತಿಂದು ಮುಖವಷ್ಟೇ ಉಳಿದ ಹಸಿವು ಎಂದು ಪುರಾಣ. ಈ ಕಲ್ಪನೆಗಳ ಸಮೃದ್ಧಿ ನೋಡಿದರೆ, ಸಿಂಹವನ್ನು ಕಾಣದಿದ್ದುದು ನಮ್ಮ ಶಿಲ್ಪಿಗಳಿಗೆ ವರವೇ ಆಯಿತು. ಹೊಯ್ಸಳ ಲಾಂಛನದಲ್ಲಿ ಈ ಮಾತು ಇನ್ನೂ ಸ್ಪಷ್ಟ. ವಂಶದ ಮೂಲಪುರುಷ ಸಳ ಕೊಂದದ್ದು ಹುಲಿಯನ್ನು ಎನ್ನುತ್ತದೆ ಐತಿಹ್ಯ. ಬೇಲೂರಿನಲ್ಲಿ ಅವನು ಇರಿಯುತ್ತಿರುವುದು ಕೇಸರವಿರುವ, ಸಿಂಹದಂಥ ಮೃಗವನ್ನು. ಮಲೆನಾಡಿನವರು ಚೆನ್ನಾಗಿ ಬಲ್ಲ ಹುಲಿಯ ಜಾಗದಲ್ಲಿ ಯಾರೂ ಕಾಣದ ಮೃಗ ಬಂದು ನಿಂತಿದೆ. ಈ ಶಿಲ್ಪ ಹುಲಿ ಲಾಂಛನದ ಚೋಳರ ಮೇಲಿನ ಗೆಲುವನ್ನು ಸೂಚಿಸುತ್ತದೆ ಎಂಬ ವ್ಯಾಖ್ಯಾನವೂ ಇದೆ.

ಗಂಡಭೇರುಂಡ ಈ ಧಾರೆಯ ತುತ್ತತುದಿ. ಬಳ್ಳಿಗಾವಿಯಲ್ಲಿ 1047ರಲ್ಲಿ ನಿಲ್ಲಿಸಿದ ಸ್ತಂಭದ ಮೇಲೆ ಅದು ಮನುಷ್ಯನ ಮೈ, ಎರಡು ಹಕ್ಕಿತಲೆಗಳ ರೂಪದಲ್ಲಿದೆ. ವಿಜಯನಗರದ ಅಚ್ಯುತರಾಯನ ನಾಣ್ಯಗಳಲ್ಲಿ ಆನೆಗಳನ್ನೇ ಕೊಕ್ಕಿನಲ್ಲಿ ಕಚ್ಚಿ ಉಗುರಿನಲ್ಲಿ ಹಿಡಿದಿದೆ. ಅಲ್ಲಿಂದ ಮೈಸೂರು ಒಡೆಯರ ಲಾಂಛನವಾಗಿ, ಈಗ ಕರ್ನಾಟಕ ಸರ್ಕಾರದ ಮುದ್ರೆಯಲ್ಲಿ, ಎಡಬಲದಲ್ಲಿ ಸೊಂಡಿಲಿರುವ ಸಿಂಹಗಳೊಡನೆ, ಪ್ರತಿಯೊಂದು ಸರ್ಕಾರಿ ಕಾಗದದ ಮೇಲೂ ಇದೆ.

ಒಂದೇ ಪ್ರಾಣಿ ಒಂದೇ ನಾಡಿನಲ್ಲಿ ಎಷ್ಟು ಅರ್ಥ ಹೊರಬಲ್ಲದು ಎಂಬುದಕ್ಕೆ ಹಂದಿಯನ್ನು ನೋಡಬೇಕು. ಬಾದಾಮಿಯ ಮೂರನೆಯ ಗುಹೆಯಲ್ಲಿ (578) ಭೂದೇವಿಯನ್ನು ಎತ್ತಿ ನಿಂತ ವರಾಹನಿದ್ದಾನೆ. ಚಾಲುಕ್ಯರ ಲಾಂಛನ ವರಾಹ. ಮುಂದೆ ವಿಜಯನಗರದ್ದೂ ಅದೇ. ಚಿನ್ನದ ನಾಣ್ಯವೂ ವರಾಹ. ಕರಾವಳಿಗೆ ಇಳಿದರೆ ತುಳುನಾಡಿನ ಪಂಜುರ್ಲಿ. ಹೊಲ ಮಗುಚುವ ಕಾಡುಹಂದಿ ಅಲ್ಲಿ ಹೊಲ ಕಾಯುವ ದೈವ. ಅದರ ಹಿತ್ತಾಳೆಯ ಮೊಗ ತೊಟ್ಟು ಕೋಲದಲ್ಲಿ ದೈವ ಮಾತಾಡುತ್ತದೆ. ಮೆಕ್ಕೆಕಟ್ಟಿನ ಮರದ ಮೂರ್ತಿಗಳಲ್ಲಿ ಹಂದಿ, ಹುಲಿ, ನಂದಿ, ಕುದುರೆಗಳು ಗಾಢ ಬಣ್ಣ ಬಳಿದುಕೊಂಡು ಆಳೆತ್ತರಕ್ಕೂ ಮೀರಿ ನಿಂತಿವೆ. ಅಲ್ಲಿನ ಹಳೆಯ ಮೂರ್ತಿಗಳು ದೆಹಲಿಯ ಕರಕುಶಲ ವಸ್ತುಸಂಗ್ರಹಾಲಯದಲ್ಲಿವೆ.

ಮತ್ತೊಂದು ಹಂದಿ ಮಂಡ್ಯ ಜಿಲ್ಲೆಯ ಆತಕೂರಿನ ವೀರಗಲ್ಲಿನ ಮೇಲಿದೆ. ತಕ್ಕೋಲಂ ಕಾಳಗ (949) ಮುಗಿದ ಮೇಲೆ ಗಂಗ ಬೂತುಗ ತನ್ನ ವೀರ ಮಣಲೆರನಿಗೆ ಮೆಚ್ಚಿದ್ದನ್ನು ಕೇಳು ಎಂದ. ಮಣಲೆರ ಊರು ಕೇಳಲಿಲ್ಲ. ಕಾಳಿ ಎಂಬ ಬೇಟೆನಾಯಿಯನ್ನು ಕೇಳಿದ. ಮುಂದೆ ಆ ನಾಯಿ ಬೆಟ್ಟವೊಂದರಲ್ಲಿ ದೊಡ್ಡ ಕಾಡುಹಂದಿಯ ಮೇಲೆ ಬಿದ್ದು, ಹಂದಿಯೂ ನಾಯಿಯೂ ಒಟ್ಟಿಗೆ ಸತ್ತವು. ಮಣಲೆರ ಕಲ್ಲು ನಿಲ್ಲಿಸಿ, ಅದರ ಪೂಜೆಗೆ ಭೂಮಿ ಬಿಡಿಸಿದ. ಕಲ್ಲಿನ ಮೇಲೆ ನಾಯಿ ಮತ್ತು ಹಂದಿ ಎದುರುಬದುರಾಗಿ ಹೋರಾಡುತ್ತಿವೆ. ಈ ಕಲ್ಲು ಈಗ ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿದೆ. ಇಲ್ಲಿ ನಾಯಿ ಯಾವ ದೇವರ ವಾಹನವೂ ಅಲ್ಲ, ಯಾವ ಗುಣದ ಗುರುತೂ ಅಲ್ಲ. ಅದಕ್ಕೊಂದು ಹೆಸರಿದೆ, ಸತ್ತ ಜಾಗವಿದೆ, ಹಿಂದೆ ಉಳಿದು ದುಃಖಿಸಿದ ಒಡೆಯನಿದ್ದಾನೆ. ಜಗತ್ತಿನ ಪ್ರಾಣಿಶಿಲ್ಪಗಳ ಯಾವ ದೊಡ್ಡ ಪಟ್ಟಿಯಲ್ಲೂ ಈ ಒರಟು ಕಲ್ಲಿಗೆ ಜಾಗ ಸಿಗಬೇಕು.

ಹಾವಿನ ಮಾತೂ ಇಷ್ಟೇ ದೊಡ್ಡದು. ಅರಳಿಕಟ್ಟೆಯ ನಾಗರಕಲ್ಲಿನಲ್ಲಿ ಹೆಣೆದುಕೊಂಡ ಜೋಡಿ ಹಾವು ಸಂತಾನದ ಹರಕೆ. ಈಜಿಪ್ಟಿನ ಅರಸನ ಹಣೆಯಲ್ಲಿ ಅದು ರಾಜತ್ವ. ಗ್ರೀಕರ ಆಸ್ಕ್ಲೀಪಿಯಸ್ ಹಿಡಿದ ಕೋಲಿನಲ್ಲಿ ವೈದ್ಯ. ಕ್ರೈಸ್ತ ಚಿತ್ರಗಳ ಏದೆನ್ ತೋಟದಲ್ಲಿ ಪಾಪ. ಪೊರೆ ಬಿಡುವುದು, ವಿಷ, ಬಿಲ, ಸದ್ದಿಲ್ಲದ ನಡೆ ಎಲ್ಲೆಡೆ ಒಂದೇ. ಅದರಲ್ಲಿ ಯಾವುದನ್ನು ಎತ್ತಿಕೊಳ್ಳಬೇಕೆಂದು ಪ್ರತಿ ಸಮಾಜ ತಾನೇ ಆಯ್ದುಕೊಂಡಿತು.

ದೂರದಿಂದ ಕೇಳಿದ ಪ್ರಾಣಿಗಳು

ಮಧ್ಯಯುಗದ ಯುರೋಪಿನ ಪ್ರಾಣಿಗ್ರಂಥಗಳಿಗೆ ಮೂಲ ‘ಫಿಸಿಯೊಲೋಗಸ್’ ಎಂಬ ಪುಟ್ಟ ಗ್ರೀಕ್ ಕೃತಿ. ಅದರಲ್ಲಿ ಪ್ರತಿ ಪ್ರಾಣಿಯೂ ಒಂದು ಧರ್ಮಪಾಠ. ಸಿಂಹದ ಮರಿ ಸತ್ತೇ ಹುಟ್ಟುತ್ತದೆ, ಮೂರನೆಯ ದಿನ ತಂದೆ ಉಸಿರೂದಿ ಬದುಕಿಸುತ್ತದೆ; ಅದು ಕ್ರಿಸ್ತನ ಪುನರುತ್ಥಾನ. ಪೆ‌ಲಿಕನ್ ಎದೆ ಬಗೆದು ಮರಿಗಳಿಗೆ ರಕ್ತ ಉಣಿಸುತ್ತದೆ. ಅದು ಕ್ರಿಸ್ತನ ತ್ಯಾಗ. ಆನೆಗೆ ಮಂಡಿಯ ಕೀಲಿಲ್ಲ, ಮರಕ್ಕೊರಗಿ ನಿಂತೇ ಮಲಗುತ್ತದೆ ಎಂದೂ ಬರೆದಿದ್ದರು. 1255ರಲ್ಲಿ ಫ್ರಾನ್ಸಿನ ಅರಸ ಇಂಗ್ಲೆಂಡಿನ ಮೂರನೆಯ ಹೆನ್ರಿಗೆ ನಿಜವಾದ ಆನೆಯನ್ನೇ ಕಳಿಸಿದ. ಸಂತ ಆಲ್ಬನ್ ಮಠದ ಸನ್ಯಾಸಿ ಮ್ಯಾಥ್ಯೂ ಪ್ಯಾರಿಸ್ ಅದನ್ನು ಎದುರು ನಿಂತು ಬಿಡಿಸಿದ. ಅವನ ಚಿತ್ರದ ಆನೆಗೆ ಮಂಡಿಯ ಕೀಲಿದೆ.

ಇದೇ ಯುರೋಪಿಗೆ ಭಾರತದಿಂದ ಹೋದ ಒಂದು ಪ್ರಾಣಿಯದು ದುರಂತ. ಗುಜರಾತಿನ ಸುಲ್ತಾನ ಎರಡನೆಯ ಮುಜಫ್ಫರ್ ಕೊಟ್ಟ ಖಡ್ಗಮೃಗವನ್ನು ಗೋವಾದಿಂದ ಪೋರ್ಚುಗೀಸ್ ಗವರ್ನರ್ ಅಫೊನ್ಸೊ ದೆ ಅಲ್ಬುಕರ್ಕ್ ಪೋರ್ಚುಗಲ್ಲಿನ ಅರಸನಿಗೆ ಕಳಿಸಿದ. ಅದು 1515ರ ಮೇ 20ರಂದು ಲಿಸ್ಬನ್ ಮುಟ್ಟಿತು. ಅರಸ ಅದನ್ನು ಪೋಪ್ ಹತ್ತನೆಯ ಲಿಯೋಗೆ ಕಾಣಿಕೆಯಾಗಿ ಸಾಗಿಸಿದಾಗ ಇಟಲಿಯ ಕರಾವಳಿಯಲ್ಲಿ ಹಡಗು ಮುಳುಗಿ, ಸರಪಳಿಯಲ್ಲಿದ್ದ ಮೃಗ ಸತ್ತಿತು. ನ್ಯೂರೆಂಬರ್ಗಿನ ಆಲ್ಬ್ರೆಕ್ಟ್ ಡ್ಯೂರರ್ ಅದನ್ನು ನೋಡಲೇ ಇಲ್ಲ. ಒಂದು ಪತ್ರ, ಒಂದು ಗೀಚುಚಿತ್ರ ಆಧಾರವಾಗಿಟ್ಟುಕೊಂಡು ಮರದಚ್ಚು ಮಾಡಿದ: ಮೈತುಂಬ ಕವಚದ ಹಲಗೆ, ಹೆಗಲ ಮೇಲೆ ಇಲ್ಲದ ಇನ್ನೊಂದು ಪುಟ್ಟ ಕೊಂಬು. ಎರಡು ಶತಮಾನಕ್ಕೂ ಮಿಕ್ಕಿ ಯುರೋಪಿನ ಪುಸ್ತಕಗಳು ಆ ಕೊಂಬನ್ನು ನಕಲು ಮಾಡಿದವು. ಇದೇ ಡ್ಯೂರರ್ 1502ರಲ್ಲಿ ಎದುರಿಗಿದ್ದ ಮೊಲವನ್ನು ಬಿಡಿಸಿದಾಗ ಕೂದಲು ಕೂದಲೂ ಸರಿಯಾಗಿತ್ತು.

ಚೀನಾಕ್ಕೆ 1414ರಲ್ಲಿ ಬಂಗಾಳದ ಸುಲ್ತಾನ ಕಳಿಸಿದ ಜಿರಾಫೆಯನ್ನು ಅಲ್ಲಿನ ಆಸ್ಥಾನ ಪುರಾಣದ ಮಂಗಳಮೃಗ ಚಿಲಿನ್ ಎಂದೇ ಬರಮಾಡಿಕೊಂಡು ಚಿತ್ರ ಬರೆಸಿತು. ಕಣ್ಣೆದುರಿನ ಪ್ರಾಣಿಗೆ ಕಾಣದ ಪ್ರಾಣಿಯ ಹೆಸರಿಟ್ಟ ಅಪರೂಪದ ಪ್ರಸಂಗ ಇದು. ಸಿಂಹ ಚೀನಾದಲ್ಲೂ ಇರಲಿಲ್ಲ. ಗುಂಗುರು ಕೇಸರ, ದುಂಡುಮುಖಗಳ ಅಲ್ಲಿನ ಬಾಗಿಲ ಕಾವಲಿನ ಕಲ್ಲುಸಿಂಹಗಳು ನಮ್ಮ ಯಾಳಿಗಳಿಗೆ ದೂರದ ಬಂಧುಗಳು.

ಕತೆಗಳೂ ಹೀಗೆ ಪಯಣಿಸಿದವು. ಪಂಚತಂತ್ರ ಆರನೆಯ ಶತಮಾನದಲ್ಲಿ ಪಹ್ಲವಿಗೆ, ಎಂಟರಲ್ಲಿ ಅರಬ್ಬಿಗೆ ಹೋಗಿ ‘ಕಲೀಲ ವ ದಿಮ್ನ’ ಆಯಿತು. ಅದರ ನರಿಗಳೂ ಗೂಳಿಯೂ ಅರಬ್ಬಿ, ಪರ್ಷಿಯನ್ ಹಸ್ತಪ್ರತಿಗಳಲ್ಲಿ ನೂರಾರು ಬಾರಿ ಚಿತ್ರಿತವಾದವು. ಕನ್ನಡಕ್ಕೆ ದುರ್ಗಸಿಂಹ 11ನೆಯ ಶತಮಾನದಲ್ಲಿ ಅದನ್ನು ತಂದ.

ಜಹಾಂಗೀರನ ಕಣ್ಣು

ಮೊಘಲ್ ದೊರೆ ಜಹಾಂಗೀರ್ (ಆಳ್ವಿಕೆ 1605–1627) ಪ್ರಾಣಿಯನ್ನು ಸಂಕೇತವಾಗಿ ಅಲ್ಲ, ಪ್ರಾಣಿಯಾಗಿಯೇ ನೋಡಿದ. ಸಾರಸ ಜೋಡಿಯೊಂದಕ್ಕೆ ಲೈಲಾ, ಮಜ್ನೂ ಎಂದು ಹೆಸರಿಟ್ಟು, ಅವು ಕೂಡಿದ್ದನ್ನೂ ಸರದಿಯ ಮೇಲೆ ಕಾವು ಕೊಟ್ಟದ್ದನ್ನೂ ತನ್ನ ಆತ್ಮಕಥನದಲ್ಲಿ ದಾಖಲಿಸಿದ. ಮುತ್ತಾತ ಬಾಬರ್ ಪ್ರಾಣಿಗಳನ್ನು ಚೆನ್ನಾಗಿ ವರ್ಣಿಸಿದರೂ ಚಿತ್ರ ಬರೆಸಲಿಲ್ಲ ಎಂಬ ಕೊರತೆ ಅವನಿಗಿತ್ತು. ಅದನ್ನು ತುಂಬಿದವನು ಉಸ್ತಾದ್ ಮನ್ಸೂರ್. ಗೋವಾದಿಂದ 1612ರಲ್ಲಿ ಬಂದ ಟರ್ಕಿ ಕೋಳಿಯನ್ನು ಅವನು ಕತ್ತಿನ ಜೋಲುಮಾಂಸ ಸಹಿತ ಬಿಡಿಸಿದ. 1621ರಲ್ಲಿ ಬಂದ ಜೀಬ್ರಾವನ್ನು ನೋಡಿ ಕುದುರೆಗೆ ಪಟ್ಟೆ ಬಳಿದಿದ್ದಾರೆಂದು ಜನ ಅನುಮಾನಿಸಿದರು. ಪರೀಕ್ಷಿಸಿ ನಿಜವೆಂದು ತಿಳಿದ ಮೇಲೆ ಅದರ ಚಿತ್ರವೂ ಆಯಿತು. ಈ ಚಿತ್ರಗಳಲ್ಲಿ ಹಿನ್ನೆಲೆ ಅತ್ಯಲ್ಪ, ಪ್ರಾಣಿಯೇ ಎಲ್ಲ. ಇದೇ ಮಾತನ್ನು ಒಂದೂವರೆ ಶತಮಾನದ ನಂತರ ಇಂಗ್ಲೆಂಡಿನ ಜಾರ್ಜ್ ಸ್ಟಬ್ಸ್ ಬರೆದ ‘ವಿಸಲ್‌ಜಾಕೆಟ್’ ಕುದುರೆಯ ಬಗ್ಗೆ ಹೇಳುತ್ತಾರೆ. ಸ್ಟಬ್ಸ್ ಕುದುರೆಗಳನ್ನು ಕೊಯ್ದು ಅಭ್ಯಾಸ ಮಾಡಿ 1766ರಲ್ಲಿ ಅದರ ಅಂಗರಚನೆಯ ಪುಸ್ತಕವನ್ನೇ ಹೊರತಂದವನು.

ಹುಲಿಯ ಮೇಲೆ ಸಿಂಹ

ಸಂಕೇತ ರಾಜಕೀಯಕ್ಕೆ ಇಳಿದಾಗ ಏನಾಗುತ್ತದೆಂದು ಶ್ರೀರಂಗಪಟ್ಟಣ ತೋರಿಸಿತು. ಟಿಪ್ಪು ಸುಲ್ತಾನನ ಸಿಂಹಾಸನ, ಫಿರಂಗಿ, ಸೈನಿಕರ ಉಡುಪು ಎಲ್ಲದರಲ್ಲೂ ಹುಲಿ, ಹುಲಿಪಟ್ಟೆ. ಬಿದ್ದ ಯುರೋಪಿಯನ್ ಸೈನಿಕನ ಮೇಲೆ ಹುಲಿ ಎರಗಿರುವ ಮರದ ಯಂತ್ರವನ್ನೂ ಅವನು ಮಾಡಿಸಿದ್ದ. ಹಿಡಿಕೆ ತಿರುಗಿಸಿದರೆ ಸೈನಿಕನ ಕೈ ಮೇಲೇಳುತ್ತದೆ, ನರಳಾಟವೂ ಗುರುಗುಟ್ಟುವಿಕೆಯೂ ಕೇಳಿಸುತ್ತವೆ. 1799ರಲ್ಲಿ ಕೊಳ್ಳೆಹೋದ ಅದು ಲಂಡನ್ನಿನ ವಿಕ್ಟೋರಿಯಾ ಅಂಡ್ ಆಲ್ಬರ್ಟ್ ಮ್ಯೂಸಿಯಂನಲ್ಲಿದೆ. ಗೆದ್ದ ಈಸ್ಟ್ ಇಂಡಿಯಾ ಕಂಪನಿ ತನ್ನ ಸೈನಿಕರಿಗೆ ಹಂಚಿದ ಪದಕದ ಮೇಲೆ ಹುಲಿಯನ್ನು ಕೆಡವಿದ ಸಿಂಹ. ಟಿಪ್ಪುವಿನ ಭಾಷೆಯಲ್ಲೇ ಅವನಿಗೆ ಉತ್ತರ ಕೊಟ್ಟಿದ್ದರು.

ಕ್ಯಾಮೆರಾ ಬಂದ ಮೇಲೆ

ಎಡ್ವರ್ಡ್ ಮೈಬ್ರಿಜ್ 1878ರಲ್ಲಿ ಓಡುವ ಕುದುರೆಯ ಸರಣಿ ಫೋಟೋ ತೆಗೆದಾಗ, ನಾಲ್ಕೂ ಕಾಲು ಚಾಚಿ ಹಾರುವಂತೆ ಬಿಡಿಸುತ್ತಿದ್ದ ಶತಮಾನಗಳ ರೂಢಿ ತಪ್ಪೆಂದು ಸಾಬೀತಾಯಿತು. ಕಾಲುಗಳು ನೆಲ ಬಿಡುವುದು ನಿಜ, ಆದರೆ ಮೈಯಡಿಗೆ ಮಡಚಿಕೊಂಡಾಗ. ನಿಖರತೆಯನ್ನು ಕ್ಯಾಮೆರಾ ವಹಿಸಿಕೊಂಡಿತು. ಚಿತ್ರಕಾರರು ಮತ್ತೆ ಅರ್ಥದ ಕಡೆ ಹೊರಳಿದರು. ಜರ್ಮನಿಯ ಫ್ರಾನ್ಸ್ ಮಾರ್ಕ್ ಕುದುರೆಗಳನ್ನು ನೀಲಿಯಾಗಿಸಿದ. 1916ರಲ್ಲಿ ವೆರ್ದೂನ್ ಯುದ್ಧದಲ್ಲಿ ಸತ್ತ. ಬಾಂಬು ದಾಳಿಗೆ ತುತ್ತಾದ ಊರಿನ ಕುರಿತ ಪಿಕಾಸೊನ ‘ಗೆರ್ನಿಕಾ’ದಲ್ಲಿ (1937) ಗೂಳಿ ಯಾರು, ಚೀರುವ ಕುದುರೆ ಯಾರು ಎಂಬ ಪ್ರಶ್ನೆಗೆ ಒಂದೇ ಅರ್ಥ ಕಟ್ಟಿಕೊಡಲು ಅವನು ಒಪ್ಪಲಿಲ್ಲ. ಒಪ್ಪದಿದ್ದುದು ಒಳ್ಳೆಯದಾಯಿತು, ಬಾಂಬು ಬಿದ್ದ ಊರಿನಲ್ಲಿ ಮೊದಲು ಸಾಯುವವರಲ್ಲಿ ದನ ಕುದುರೆಗಳೂ ಸೇರಿವೆ.

ಚಿತ್ರ ಸಾಕ್ಷಿಯಾಗುವುದು

ಪ್ರಾಣಿಚಿತ್ರಗಳಿಗೆ ಈಚೆಗೆ ಹೊಸ ಓದುಗರು ಸಿಕ್ಕಿದ್ದಾರೆ, ಪ್ರಾಣಿಶಾಸ್ತ್ರಜ್ಞರು. ಶೋವೆಯ ಗಂಡು ಸಿಂಹಗಳಿಗೆ ಕೇಸರವಿಲ್ಲ. ಅಳಿದುಹೋದ ಗುಹಾಸಿಂಹದ ಹೊರರೂಪವನ್ನು ಎಲುಬು ಹೇಳಲಾರದು, ಆ ಗೋಡೆ ಹೇಳುತ್ತದೆ. ಫ್ರಾನ್ಸಿನ ಪೆಶ್ ಮೆರ್ಲ್ ಗುಹೆಯ ಚುಕ್ಕೆ ಕುದುರೆಗಳನ್ನು ಬಹುಕಾಲ ಕಲ್ಪನೆ, ಸಂಕೇತ ಎಂದು ಓದಿದರು. ಪ್ರಾಚೀನ ಕುದುರೆಗಳ ಎಲುಬಿನ ಡಿಎನ್ಎ ಪರೀಕ್ಷಿಸಿದಾಗ (2011) ಚುಕ್ಕೆಯ ಜೀನು ಆಗ ಇತ್ತೆಂದು ಗೊತ್ತಾಯಿತು. ಲಾಸ್ಕೊದ ಕಾಡುಗೂಳಿಯ ಕುಲದ ಕೊನೆಯ ಹಸು ಪೋಲೆಂಡಿನಲ್ಲಿ 1627ರಲ್ಲಿ ಸತ್ತಿತು. ಸೈಬೀರಿಯಾದ ಬಿಳಿ ಕ್ರೌಂಚಕ್ಕೆ ಪೀಟರ್ ಪಲ್ಲಾಸ್ 1773ರಲ್ಲಿ ವೈಜ್ಞಾನಿಕ ಹೆಸರಿಡುವುದಕ್ಕೆ ಶತಮಾನಕ್ಕೂ ಮೊದಲೇ ಮನ್ಸೂರ್ ಅದನ್ನು ಬಿಡಿಸಿದ್ದ. ರಾಜಸ್ಥಾನದ ಭರತಪುರಕ್ಕೆ ಚಳಿಗಾಲದಲ್ಲಿ ಬರುತ್ತಿದ್ದ ಆ ಹಕ್ಕಿಗಳು 2002ರ ನಂತರ ಬಂದಿಲ್ಲ.

ಎಲ್ಲ ಚಿತ್ರವನ್ನೂ ಹೀಗೆ ನಂಬುವಂತಿಲ್ಲ. ಡ್ಯೂರರನ ಹೆಗಲ ಕೊಂಬು ಎಚ್ಚರಿಕೆ ಕೊಡುತ್ತಲೇ ಇರುತ್ತದೆ. ಕಲಾವಿದ ಕಂಡಿದ್ದನೋ ಕೇಳಿದ್ದನೋ ಎಂದು ಮೊದಲು ತೀರ್ಮಾನಿಸಬೇಕು. ಸೇಂಟ್ ಪೀಟರ್ಸ್‌ಬರ್ಗಿನಲ್ಲಿರುವ, ಮನ್ಸೂರನದೆಂದು ಹೇಳುವ ಡೋಡೊ ಹಕ್ಕಿಯ ಚಿತ್ರದಲ್ಲಿ ಆ ತೀರ್ಮಾನ ಸಾಧ್ಯವಾಗಿದೆ. ಸೂರತ್ತಿನಲ್ಲಿ ಡೋಡೊಗಳಿದ್ದವೆಂದು ಆ ಕಾಲದ ಪ್ರವಾಸಿ ಪೀಟರ್ ಮಂಡಿ ಬರೆದಿದ್ದಾನೆ. ಅದೇ ಹಾಳೆಯಲ್ಲಿ ಡೋಡೊವಿನ ಸುತ್ತ ಇಂದಿಗೂ ಬದುಕಿರುವ ಬೇರೆ ಹಕ್ಕಿಗಳಿವೆ: ಗಿಳಿ, ಪಟ್ಟೆತಲೆಯ ಹೆಬ್ಬಾತು, ಹಿಮಾಲಯದ ಟ್ರಾಗೊಪಾನ್. ಅವನ್ನು ಜೀವಂತ ಹಕ್ಕಿಗಳೊಡನೆ ಹೋಲಿಸಿದಾಗ ಗರಿ, ಕೊಕ್ಕು, ಬಣ್ಣ ಎಲ್ಲ ಸರಿಯಾಗಿದ್ದವು. ಆದ್ದರಿಂದ ನಡುವಿನ ಆ ಕಂದು ಹಕ್ಕಿಯನ್ನೂ ಪಕ್ಷಿತಜ್ಞರು ನಂಬುತ್ತಾರೆ, ಯುರೋಪಿನ ವರ್ಣಚಿತ್ರಗಳ ಕೊಬ್ಬಿದ ಡೋಡೊಗಳಿಗಿಂತ ಹೆಚ್ಚಾಗಿ.